ಕೂಲರ್ ತೊಟ್ಟಿಯಲ್ಲಿ ಈರುಳ್ಳಿ ಬೀಜ

ನನಗೆ ಬರುವ ವಿದ್ಯೆ ಒಂದೇ, ಕಂಡವರ ದನಿ ತೆಗೆಯುವುದು. ಅಪ್ಪ ಕೆಮ್ಮಿಯೇ ಮಾತು ಶುರು ಮಾಡುವ ರೀತಿ, ನಾಗಪುರದ ಐಟಿ ಪಾರ್ಕಾದ ಮಿಹಾನ್‌ನಲ್ಲಿರುವ ನಮ್ಮ ಆಫೀಸಿನ ಮ್ಯಾನೇಜರು 'ಓಕೆ, ಓಕೆ' ಎನ್ನುತ್ತಲೇ ರಜೆ ಕೊಡದಿರುವ ರೀತಿ, ಎದುರುಮನೆಯ ಮರಾಠಿ ಆಂಟಿ 'ಕಾಕು' ಬಾಗಿಲು ತೆರೆಯುವ ಮುಂಚೆಯೇ ಮಾತಾಡುವ ರೀತಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಇಂಥವನ ಮಾತಿಗೆ ಯಾವ ಮನೆಯಲ್ಲೂ ಬೆಲೆಯಿಲ್ಲ. ಹಾಗಾಗಿ ಈ ಬೇಸಿಗೆಯಲ್ಲಿ ಅಪ್ಪನ ಗಾಳಿಗೂ ಅಮ್ಮನ ಬೀಜಕ್ಕೂ ಜಟಾಪಟಿ ಹತ್ತಿದಾಗ ಪಂಚಾಯಿತಿಗೆ ನನ್ನನ್ನು ಯಾರೂ ಕರೆಯಲಿಲ್ಲ.

ಜಗಳದ ಮೂಲ ಸಾಂಬಾರ್ ಈರುಳ್ಳಿ. ನಾಗಪುರದ ಸಂತೆಯಲ್ಲಿ ಮುಷ್ಟಿಗಾತ್ರದ ಈರುಳ್ಳಿ ಬೇಕಾದಷ್ಟು ಸಿಗುತ್ತದೆ. ಗೋಲಿಗಾತ್ರದ್ದು ಕೇಳಿದರೆ ತರಕಾರಿಯವನು ನಮ್ಮ ಬಡತನಕ್ಕೆ ಮರುಗುತ್ತಾನೆ. ಅಪ್ಪನಿಗೆ ಇಲ್ಲಿಗೆ ವರ್ಗವಾದಂದಿನಿಂದ ಅಮ್ಮನಿಗೆ ಇದೊಂದೇ ಕೊರಗು. ಕಡೆಗೆ ಗುಂಡ್ಲುಪೇಟೆಯ ಚಿಕ್ಕಮ್ಮ ಒಂದು ಚಿಟಿಕೆ ಬೀಜ ಕೊಟ್ಟು ಕಳಿಸಿದಳು. ಎರಡು ಚಳಿಗಾಲದ ಹಿಂದೆ ಕುಂಡಗಳಲ್ಲಿ ಬಿತ್ತಿದ್ದು ಹಸಿರು ಕೂದಲಿನಂತೆ ಎದ್ದು, ಬಿಸಿಲೇರುವ ಹೊತ್ತಿಗೆ ಕೆಂಪಗೆ ಗುಂಡಗೆ ಗಡ್ಡೆಯಾಯಿತು. ಆದರೆ ಚೆಂದದವನ್ನೆಲ್ಲ ಅಮ್ಮ ಆರಿಸಿ ಬುಟ್ಟಿಗೆ ಹಾಕಿ ಮೇಲೆ ತೂಗುಹಾಕಿದಳು. "ಇದು ಬೀಜಕ್ಕೆ. ಮುಟ್ಟಿದ್ರೆ ಕೈ ಮುರೀತೀನಿ." ಗಡ್ಡೆಯನ್ನು ಮುಂದಿನ ಚಳಿಗೆ ಮತ್ತೆ ನೆಟ್ಟರೆ ಮಾತ್ರ ಹೂವು, ಹೂವಿನಿಂದ ಬೀಜ ಎಂಬ ಸತ್ಯ ನಮಗೆ ತಿಳಿದದ್ದು ಆಗಲೇ. ಸಾಂಬಾರಿಗೆ ಬಿದ್ದದ್ದು ಅಂಕುಡೊಂಕು ಸಂತತಿ.

ಮಳೆಗಾಲ ಕಳೆದ ಮೇಲೆ ಆ ಗಡ್ಡೆಗಳಿಗೆ ಅಗಲವಾದ ಜಾಗ ಬೇಕಾಯಿತು. ಬಾಲ್ಕನಿಯಲ್ಲಿ ಖಾಲಿ ಕೂತದ್ದು ಒಂದೇ, ಬೇಸಿಗೆ ಮುಗಿದ ಮೇಲೆ ಬಿಚ್ಚಿಟ್ಟ ಕೂಲರಿನ ತಳದ ನೀರಿನ ತೊಟ್ಟಿ. ಅದಕ್ಕೆ ನೀರು ಹೋಗುವ ತೂತೂ ಇದೆ. ಹುಟ್ಟಾ ನಾಗಪುರದವರು ಮನೆದೇವರ ಪೀಠಕ್ಕೆ ಬೇಕಾದರೂ ಮಣ್ಣು ತುಂಬಿಯಾರು, ಕೂಲರಿಗೆ ತುಂಬಲಾರರು. ಅಮ್ಮ ತುಂಬಿದಳು. "ಹೋಳಿ ಹೊತ್ತಿಗೆ ಖಾಲಿ ಮಾಡ್ಕೊಡ್ತೀನಿ ರೀ" ಎಂದು ಅಪ್ಪನಿಗೆ ಮಾತೂ ಕೊಟ್ಟಳು. ಹೋಳಿ ಬಂತು. ತೊಟ್ಟಿಯಲ್ಲಿ ಉದ್ದ ದಂಟುಗಳ ತುದಿಗೆ ಬಿಳಿ ಹೂಚೆಂಡುಗಳು ತೂಗುತ್ತಿದ್ದವು, ಬೀಜದ ಸುಳಿವಿಲ್ಲ.

ಈಗ ಕಿತ್ತರೆ ಎಲ್ಲವೂ ಮುಗಿಯಿತು. ಗಡ್ಡೆಗಳೆಲ್ಲ ಮಣ್ಣಲ್ಲಿವೆ, ಈರುಳ್ಳಿ ಬೀಜವೋ ಹಳತಾದರೆ ಮೊಳೆಯದು, ಚಿಕ್ಕಮ್ಮನ ಹಿತ್ತಿಲಲ್ಲಿ ಈಗ ಕಾರ್ ಶೆಡ್ಡು. ಹಾಗಾಗಿ ಅಮ್ಮ ಬಾಲ್ಕನಿಯ ಬಾಗಿಲಲ್ಲೇ ಕಾವಲು ಕೂತಳು. ಬಿಸಿಲು ಏರಿತು, ಅಪ್ಪನ ಬನಿಯನ್ ಒದ್ದೆಯಾಯಿತು. ಕಾಕು ದಿನವೂ ಇಣುಕಿ, "ಕಾ ಜೀ, ಕೂಲರ್ ನಾಹೀ ಲಾವಲಾ ಅಜೂನ್? ಮರಾಲ್ ನಾ ಬಾಪ್ಪಾ!" ಎಂದು, ಇನ್ನೂ ಕೂಲರ್ ಹಾಕದೆ ಸಾಯುತ್ತೀರಲ್ಲ ಎಂದು ಮರುಗುವರು. ಅಪ್ಪ ಅಮ್ಮನ ಕಡೆ ನೋಡುವರು. ಅಮ್ಮ ನನ್ನ ಕಡೆ ನೋಡಿದಳು.

"ಊರೋರ ದನಿಯೆಲ್ಲ ತೆಗೀತೀಯಲ್ಲ, ಕೂಲರ್‌ದೂ ತೆಗಿ. ಅಪ್ಪಂಗೆ ಜೊಂಪು ಹತ್ಲಿ."

ತೆಗೆದೆ. ಫ್ಯಾನಿನ ಮೊರೆತ, ನಡುವೆ ಪಂಪಿನ ಗುಳುಗುಳು, ತಗಡಿನ ಗಡಗಡ, ಎಲ್ಲ ಬರೋಬರ್. ಅಪ್ಪ ಕಣ್ಣು ಮುಚ್ಚಿಯೇ, "ಸ್ಪೀಡ್ ಸ್ವಲ್ಪ ಜಾಸ್ತಿ ಮಾಡು" ಎಂದರು. ಮರುಕ್ಷಣ ಎದ್ದು ಕೂತು, "ಗಾಳಿ ಎಲ್ಲೋ?" ಎಂದರು.

ಮುಂದಿನ ಭಾನುವಾರ ಮೆಕ್ಯಾನಿಕ್‌ನನ್ನೇ ಕರೆತಂದರು. ಇಬ್ಬರೂ ತೊಟ್ಟಿಗೆ ಕೈ ಹಾಕಿದರು. ಅಮ್ಮ ತಡೆಯಲಿಲ್ಲ, ಸೆರಗು ಬಿಗಿ ಹಿಡಿದು "ನಿಧಾನ" ಎಂದಳಷ್ಟೇ. ಅಡ್ಡ ಬಂದ ಒಣ ಹೂಚೆಂಡನ್ನು ಅಪ್ಪ ಪಕ್ಕಕ್ಕೆ ಸರಿಸಿದಾಗ ಬಿರಿದ ಕೋಶದಿಂದ ಕರಿಯ ಕಾಳುಗಳು ಅವರ ಅಂಗೈಗೆ ಉದುರಿದವು. ಅಪ್ಪ ಕೆಮ್ಮಿದರು.

"ಇಷ್ಟಕ್ಕೇನೇ ನಾನು ಬೆಂದಿದ್ದು?"

"ಹೂಂ ರೀ. ಮುಂದಿನ ಸಾಂಬಾರೆಲ್ಲ ನಿಮ್ಮ ಕೈಲೇ ಇದೆ."

ಅಪ್ಪ ಮೆಲ್ಲಗೆ ಮುಷ್ಟಿ ಮುಚ್ಚಿದರು. "ಭಾಊ, ಅಗ್ಲೇ ಇತವಾರ್ ಕೋ ಆಓ" ಎಂದು ಮೆಕ್ಯಾನಿಕ್ಕಿಗೆ ಮುಂದಿನ ಭಾನುವಾರದ ವಾಯಿದೆ ಕೊಟ್ಟರು.

"ಸಾಬ್, ತಬ್ ತಕ್ ಆಪ್ ಪಕ್ ಜಾಓಗೇ!" ಅಷ್ಟರಲ್ಲಿ ನೀವೇ ಬೆಂದುಹೋಗುತ್ತೀರಿ ಎಂದು ಅವನ ಎಚ್ಚರಿಕೆ.

"ಪೆಹಲೇ ಯೇ ಪಕ್ನೇ ದೋ" ಎಂದರು ಅಪ್ಪ, ಮೊದಲು ಇವು ಬಲಿಯಲಿ ಎಂದು ಉಳಿದ ಹೂಚೆಂಡುಗಳನ್ನು ತೋರಿಸಿ.

ಆ ವಾರವೆಲ್ಲ ಅಮ್ಮ ಅಪ್ಪನ ತಲೆಗೆ ಒದ್ದೆ ಟವೆಲು ಹಾಕಿ, ಲೋಟಗಟ್ಟಲೆ ಮಜ್ಜಿಗೆ ಕುಡಿಸಿ, ಹೂಚೆಂಡುಗಳ ಜೊತೆಗೆ ಅವರನ್ನೂ ಕಾಪಾಡಿದಳು. ಆಮೇಲೆ ದಂಟು ಕತ್ತರಿಸಿ, ದಿಂಬಿನ ಚೀಲದೊಳಗೆ ಒಣಗಿಸಿ, ಉಜ್ಜಿ, ಮೊರಕ್ಕೆ ಸುರಿದಳು. ಹೊಟ್ಟು ಊದುವ ಕೆಲಸ ನನ್ನದು, ನಗುವಂತಿಲ್ಲ ಎಂಬ ಷರತ್ತಿನ ಮೇಲೆ. ಉಳಿದದ್ದು ಬೊಗಸೆ ತುಂಬದಷ್ಟು ಬೀಜ. ಅದಕ್ಕೆ ಫ್ರಿಜ್ಜಿನಲ್ಲಿ ಜಾಗ ಮಾಡಲು ನನ್ನ ಚಾಕೊಲೇಟನ್ನು ಹೊರಗೆ ಹಾಕಲಾಯಿತು.

ಬರುವ ವರ್ಷ ಈ ಯುದ್ಧವೇ ಬೇಡವೆಂದು ನಾನು ಉದಾರಿಯಾಗಿ ಅಪ್ಪನಿಗೊಂದು ಹೊಸ ಕೂಲರ್ ತರಿಸಿದೆ. ಹಳೆಯದು ಈರುಳ್ಳಿಗೆ, ಹೊಸದು ಅಪ್ಪನಿಗೆ, ಮನೆಗೆ ಶಾಂತಿ. ಅಮ್ಮ ಡಬ್ಬ ಬಿಚ್ಚಿದವಳೇ ಫ್ಯಾನನ್ನು ಕಣ್ಣೆತ್ತಿಯೂ ನೋಡದೆ, ತೊಟ್ಟಿಯೊಳಗೆ ಗೇಣು ಹಾಕಿ ಅಳೆದಳು. "ಇದಿನ್ನೂ ಆಳ ಇದೆ ಕಣೋ!"

ನಗಬೇಕಿತ್ತು. ಬದಲಿಗೆ ನಾನೂ ಬಗ್ಗಿ, "ಆಳ ಸರಿ ಅಮ್ಮ, ಆದ್ರೆ ತೂತು ಸಣ್ಣದಾಯ್ತು, ಬೇರು ಕೊಳೆಯಲ್ವಾ?" ಎಂದೆ. ಅಪ್ಪ ಪೇಪರು ಕೆಳಗಿಟ್ಟು, ತಮ್ಮ ಪಕ್ಷದ ಏಕೈಕ ಸದಸ್ಯನೂ ಪಕ್ಷಾಂತರ ಮಾಡಿದನಲ್ಲ ಎಂಬಂತೆ ನನ್ನನ್ನು ನೋಡಿದರು.