ಒಂದು ಬೆಲ್ಟು, ಎರಡು ಸಂಸಾರ

ಹೋಟೆಲಿನವನ ಜನ್ಮವೆಂದರೆ ಕೂರುವ ಜನ್ಮ. ಬೆಳಿಗ್ಗೆ ಗಲ್ಲಾದ ಹಿಂದೆ ಕೂತರೆ ಮದರಾಸಿನ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಬಾಗಿಲು ಹಾಕುವವರೆಗೂ ಕೂತೇ ಇರಬೇಕು. ಇಷ್ಟು ಕೂತವನಿಗೆ ನ್ಯಾಯವಾಗಿ ಓಡಾಡುವ ಆಸೆ ಹುಟ್ಟಬೇಕಿತ್ತು. ನನಗೆ ಹುಟ್ಟಿದ್ದು ಇನ್ನೊಂದು ಕಡೆ ಕೂರುವ ಆಸೆ. ಕೀಲ್ಪಾಕಿನ ನಮ್ಮ ಹೋಟೆಲಿನ ಎದುರು ದಿನಾ ಸಂಜೆ ಒಂದು ಅಮೆರಿಕದ ಕಾರು ಹಾದು ಹೋಗುತ್ತಿತ್ತು. ಕಪ್ಪು ಬಣ್ಣ, ಮೂತಿಯ ತುಂಬ ಹೊಳೆಯುವ ಹಲ್ಲು, ಹಿಂದಿನ ಸೀಟಂತೂ ನಮ್ಮ ಹೋಟೆಲಿನ ಫ್ಯಾಮಿಲಿ ರೂಮಿಗಿಂತ ಅಗಲ. ಅಲ್ಲಿ ಒಬ್ಬ ಬಿಳಿಯ ದೊರೆ ಒಬ್ಬನೇ ಒರಗಿಕೊಂಡು ಪೇಪರ್ ಓದುತ್ತಿದ್ದ. ಆ ಹೊತ್ತಿನಲ್ಲಿ ಬಿಲ್ಲು ಕೊಡಲು ಬಂದವರಿಗೆಲ್ಲ ನಾನು ಚಿಲ್ಲರೆ ತಪ್ಪಾಗಿ ಕೊಡುತ್ತಿದ್ದೆ. "ಸಾಯುವುದರೊಳಗೆ ಆ ಸೀಟಿನಲ್ಲಿ ಒಮ್ಮೆ ಕೂರಬೇಕು ನೋಡು" ಎಂದು ಹೆಂಡತಿ ಸರಸ್ವತಿಯ ಹತ್ತಿರ ಹೇಳಿಕೊಂಡರೆ, "ಕೂರ್ಲಿಕ್ಕೆ ಮನೆಯಲ್ಲಿ ಮಣೆ ಉಂಟಲ್ಲ" ಎಂದಳು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ದೊರೆಗಳು ಒಬ್ಬೊಬ್ಬರಾಗಿ ಗಂಟು ಕಟ್ಟುತ್ತಿದ್ದರು. ನಮ್ಮ ದೊರೆಯೂ ಕಟ್ಟಿದ, ಕಾರು ಮಾರಾಟಕ್ಕೆ ಬಂತು, ನಾನು ಕೊಂಡೆ. ಯಾವ ಕಂಪನಿಯ ಕಾರು ಎಂದು ಹೇಳುವುದಿಲ್ಲ. ತಪ್ಪು ಮಾಡಿದ್ದು ಕಂಪನಿಯಲ್ಲ, ನಾನು. ಬೀಗದ ಕೈ ಕೊಟ್ಟ ಮೇಲೆ ದೊರೆ ನನ್ನ ಕೈಯನ್ನು ಎಷ್ಟು ಸಂತೋಷದಿಂದ ಕುಲುಕಿದನೆಂದರೆ, ಬುದ್ಧಿಯಿದ್ದವನಾಗಿದ್ದರೆ ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ದೊರೆ ನನ್ನನ್ನು ಎಷ್ಟು ಗೌರವಿಸುತ್ತಾನಪ್ಪ ಅಂದುಕೊಂಡೆ.

ಮನೆಗೆ ತಂದ ಮೇಲೆ ಗೊತ್ತಾಯಿತು, ಹಿಂದಿನ ಸೀಟಿನಲ್ಲಿ ಕೂರಬೇಕಾದರೆ ಮುಂದಿನ ಸೀಟಿನಲ್ಲಿ ಇನ್ನೊಬ್ಬ ಬೇಕು. ಡ್ರೈವರನನ್ನು ಇಡುವ ತಾಕತ್ತು ಕಾರಿನ ಜೊತೆಗೇ ಖರ್ಚಾಗಿಹೋಗಿತ್ತು. ಹಾಗಾಗಿ ನಾನೇ ಡ್ರೈವಿಂಗ್ ಕಲಿತೆ. ಹಿಂದೆ ಸರಸ್ವತಿ, ಮಗಳು ಮಾಲತಿ ಮಹಾರಾಣಿಯರ ಹಾಗೆ ಕೂರುವುದು, ನಾನು ಮುಂದೆ ಚಕ್ರ ತಿರುಗಿಸುವುದು. ಹೋಟೆಲಿನ ಹಿಂದೆಯೇ ನಮ್ಮ ಮನೆ; ನಡುವಿನ ಅಂಗಳದಲ್ಲಿ ಸೌದೆ ಕೊಟ್ಟಿಗೆ ಕೆಡವಿ ಜಾಗ ಮಾಡಿದರೂ ಕಾರಿನ ಬಾಲ ಬೀದಿಯಲ್ಲೇ ಉಳಿಯಿತು, ಬೀದಿಯ ಆಡುಗಳೆಲ್ಲ ಅದರ ಮೇಲೆ ಹತ್ತಿ ಮಲಗುತ್ತಿದ್ದವು. ಇನ್ನು ಅದರ ಬಾಯಾರಿಕೆ! ಪೆಟ್ರೋಲ್ ಬಂಕಿನವನು ನನ್ನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ. ಹೆತ್ತ ಮಗಳೂ ನನಗೆ ಅಷ್ಟು ಮರ್ಯಾದೆ ಕೊಟ್ಟದ್ದಿಲ್ಲ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಒಂದು ದಿನ ಎಂಜಿನ್ನಿನ ಫ್ಯಾನು ತಿರುಗಿಸುವ ರಬ್ಬರ್ ಬೆಲ್ಟು ಹರಿಯಿತು. ಫ್ಯಾನು ತಿರುಗದಿದ್ದರೆ ಎಂಜಿನ್ನು ಕಾದು ನೀರು ಕುದಿಯುತ್ತದೆ. ಮೆಕ್ಯಾನಿಕ್ಕು ಬಾನೆಟ್ಟಿನೊಳಗೆ ತಲೆ ಹಾಕಿ, "ಇಂಜಿನ್ ರಾಜಾ ಸಾರ್! ಬೆಲ್ಟ್ ಮಟ್ಟುಂ ಕಿಡೈಕ್ಕಾದು" ಎಂದ. ಎಂಜಿನ್ನು ರಾಜನೇ, ಆದರೆ ರಾಜನ ಬೆಲ್ಟು ಮಾತ್ರ ಇಲ್ಲಿ ಸಿಗದು, ಅಮೆರಿಕದಿಂದ ಬರಬೇಕು, ಅದಕ್ಕೆ ಸರಕಾರ ಬಿಡುವುದಿಲ್ಲ. ಆಗ ನನ್ನ ಕಣ್ಣು ಅಡಿಗೆಮನೆಯಲ್ಲಿ ಹೊಸದಾಗಿ ತಂದಿಟ್ಟಿದ್ದ, ಹಿಟ್ಟು ರುಬ್ಬುವ ಕರೆಂಟಿನ ಗ್ರೈಂಡರಿನ ಮೇಲೆ ಬಿತ್ತು. ಅದರ ಬೆಲ್ಟು ಬಿಚ್ಚಿ ತಂದು ಹಾಕಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು! ಅಂಥದ್ದೇ ಇನ್ನೊಂದನ್ನು ತರಿಸಿಕೊಡುತ್ತೇನೆ ಎಂದ ಅಂಗಡಿಯವನು ಇವತ್ತಿನವರೆಗೂ ತರಿಸುತ್ತಲೇ ಇದ್ದಾನೆ. ಅಲ್ಲಿಂದ ಒಂದೇ ಬೆಲ್ಟಿಗೆ ಎರಡು ಸಂಸಾರ. ಕಾರು ಹೊರಟರೆ ಹಿಟ್ಟಿಲ್ಲ, ಹಿಟ್ಟು ರುಬ್ಬಿದರೆ ಕಾರಿಲ್ಲ. ನಮ್ಮ ಅಡಿಗೆಯ ವಾಸುದೇವ ಭಟ್ಟರು ಉದ್ದು ನೆನೆಹಾಕುವ ಮೊದಲು ಅಂಗಳಕ್ಕೆ ಬಂದು, "ಬೆಲ್ಟು ಮನೆಯಲ್ಲಿ ಉಂಟಾ, ಇಲ್ಲ ಬೀಚಿಗೆ ಹೋಗಿದೆಯಾ?" ಎಂದು ಕೇಳುತ್ತಿದ್ದರು.

ಕಾರು ಮಾರೋಣವೆಂದು ನೋಡಿದೆ. ಬಂದವರೆಲ್ಲ ಕಾಫಿ ಕುಡಿದು, ಸೀಟಿನಲ್ಲಿ ಕೂತು ನೋಡಿ, ಚೆನ್ನಾಗಿದೆ ಎಂದು ಹೊಗಳಿ ಎದ್ದು ಹೋದರು. ಆಗ ನನಗೊಂದು ಉಪಾಯ ಹೊಳೆಯಿತು. ಮಾಲತಿ ಮದುವೆಗೆ ಬಂದಿದ್ದಾಳೆ. ಅಳಿಯನಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟರೆ? ಊರೆಲ್ಲ ಭೇಷ್ ಅನ್ನುತ್ತದೆ, ಅಂಗಳವೂ ಖಾಲಿಯಾಗುತ್ತದೆ. ಮಾವ ಕೊಟ್ಟ ಕಾರನ್ನು ಯಾವ ಅಳಿಯ ತಾನೇ ಬೇಡ ಅಂದಾನು? ಈ ವಿಷಯ ಸರಸ್ವತಿಗೂ ಹೇಳಲಿಲ್ಲ.

ಕೊಯಮತ್ತೂರಿನಲ್ಲಿ ಹೋಟೆಲಿಟ್ಟಿದ್ದ ಕುಂದಾಪುರದ ಕಡೆಯ ಸುಬ್ರಾಯರು ಮಗ ರಘುವನ್ನು ಕರೆದುಕೊಂಡು ಹೆಣ್ಣು ನೋಡಲು ಬರುತ್ತೇವೆಂದು ತಿಳಿಸಿದರು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಈ ಸಂಬಂಧ ತಪ್ಪಬಾರದೆಂದು ನಾವೆಲ್ಲ ದೇವರಿಗೆ ಕೈಮುಗಿದಿದ್ದೆವು. "ಟ್ಯಾಕ್ಸಿಯಲ್ಲಿ ಕರ್ಕೊಂಡು ಬನ್ನಿ, ನಿಮ್ಮ ಆನೆ ಬೇಡ" ಎಂದಳು ಸರಸ್ವತಿ. ನಾನು ಕೇಳುತ್ತೇನೆಯೇ! ಮಧ್ಯಾಹ್ನದೊಳಗೆ ವಾಪಸು ಕೊಡುತ್ತೇನೆಂದು ಭಟ್ಟರಿಗೆ ಮಾತು ಕೊಟ್ಟು, ಬೆಲ್ಟು ಹಾಕಿ, ಸೆಂಟ್ರಲ್ ಸ್ಟೇಷನ್ನಿಗೆ ಹೋದೆ. ಸುಬ್ರಾಯರು ಸೀಟು ಒತ್ತಿ ನೋಡಿದರು, ಚಾವಣಿ ನೋಡಿದರು, ಕೊನೆಗೆ, "ನೀವು ಹೋಟೆಲಿಗೆ ದಿನಾ ಹೋಗ್ತೀರಾ, ಇಲ್ಲ ಇದರಲ್ಲೇ ತಿರುಗ್ತಾ ಇರ್ತೀರಾ?" ಎಂದು ಕೇಳಿದರು. ನಾನು ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ.

ಮನೆಯಲ್ಲಿ ಕಾಫಿ ತಿಂಡಿ ಆಯಿತು. ಮಾಲತಿ, ರಘು ಇಬ್ಬರೂ ತಮಿಳು ಶಾಲೆಯ ಮಕ್ಕಳು. ನಾವು ಕನ್ನಡದಲ್ಲಿ ಕೇಳಿದರೆ ಅವರು ತಮ್ಮತಮ್ಮಲ್ಲೇ ತಮಿಳಿನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ನನಗೋ ಹಿಗ್ಗು. ನಡುವೆ ಭಟ್ಟರು ಬಾಗಿಲಲ್ಲಿ ಬಂದು ಏನೋ ಕೇಳಿದರು, ನಾನು ಹೂಂ ಎಂದು ತಲೆ ಆಡಿಸಿ ಕಳಿಸಿದೆ. ಸಂಜೆ ರೈಲಿಗೆ ಹೊರಡುವಾಗ ಸುಬ್ರಾಯರು ಹೆಗಲಿಗೆ ಶಲ್ಯ ಹಾಕಿಕೊಂಡು, "ಊರಿಗೆ ಹೋಗಿ ಕಾಗದ ಹಾಕ್ತೇವೆ" ಎಂದರು. ಹೆಣ್ಣು ಹೆತ್ತವರಿಗೆ ಆ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಾಲತಿ ತಲೆ ತಗ್ಗಿಸಿ ಒಳಗೆ ಹೋದಳು. ನಾನು ಅವರಿಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ಸ್ಟೇಷನ್ನಿಗೆ ಹೊರಟೆ.

ಪೂನಮಲ್ಲಿ ಹೈರೋಡಿನಲ್ಲಿ ಅರ್ಧ ದಾರಿಗೆ ಬಂದಿದ್ದೇವೋ ಇಲ್ಲವೋ, ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಎದ್ದಿತು. ಇಳಿದು ತೆರೆದು ನೋಡುತ್ತೇನೆ, ಬೆಲ್ಟೇ ಇಲ್ಲ! ಭಟ್ಟರು ಕೇಳಿದ್ದೇನು, ನಾನು ಹೂಂ ಎಂದದ್ದೇನು ಎಂದು ಆಗ ಹೊಳೆಯಿತು. ರಘು ಟ್ಯಾಕ್ಸಿ ಹುಡುಕಲು ಓಡಿದ. ಸುಬ್ರಾಯರು ಬಾಗಿಲು ತೆರೆದು, "ಬಿಸಿಲಲ್ಲಿ ಯಾಕೆ ನಿಲ್ತೀರಿ, ಬನ್ನಿ, ಕೂತ್ಕೊಳ್ಳಿ" ಎಂದರು. ಆ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಆಸೆ ಹೀಗಾ ತೀರಬೇಕು, ಥೂ!

"ಎಂತ ಹಾಳಾದದ್ದು?" ಎಂದು ಕೇಳಿದರು.

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಗ್ರೈಂಡರು, ಭಟ್ಟರು, ಬೆಲ್ಟು, ಎಲ್ಲ ಬಾಯಿಬಿಟ್ಟೆ. ಸುಬ್ರಾಯರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕಾರು ಅಲ್ಲಾಡುವ ಹಾಗೆ ನಗತೊಡಗಿದರು. "ಅಲ್ಲ ಮಾರಾಯ್ರೆ! ಹೆಣ್ಣು ನೋಡ್ಲಿಕ್ಕೆ ಬಂದವರನ್ನು ಬಿಡುವ ಕಾರಿಂದ ಬೆಲ್ಟು ಕಿತ್ತು ನಾಳೆಯ ಇಡ್ಲಿಗೆ ಹಿಟ್ಟು ರುಬ್ಬಿದರಾ? ಇಷ್ಟು ದೊಡ್ಡ ಕಾರು ಇಟ್ಟುಕೊಂಡವರಿಗೆ ಹೋಟೆಲಿನ ಮೇಲೆ ಎಂತ ಮನಸ್ಸಿದ್ದೀತು ಅಂತ ನಾನು ಹಿಂದೆ ಸರಿದದ್ದು. ಈಗ ಸಮಾಧಾನ ಆಯ್ತು. ಕಾಗದ ಗೀಗದ ಎಂತದೂ ಬೇಡ. ಮುಹೂರ್ತ ನೋಡಿಸಿ!"

ನನಗೆ ಕಣ್ಣಲ್ಲಿ ನೀರೇ ಬಂತು. ಅವರ ಎರಡೂ ಕೈ ಹಿಡಿದುಕೊಂಡು, "ಕೊಡುವುದು, ತೆಗೆದುಕೊಳ್ಳುವುದು..." ಎಂದು ಶುರುಮಾಡಿದೆ.

"ಏನೂ ಕೇಳುವುದಿಲ್ಲ. ನನ್ನದು ಒಂದೇ ಶರತ್ತು" ಎಂದು ರಘು ತಂದ ಟ್ಯಾಕ್ಸಿ ಹತ್ತುತ್ತ ಸುಬ್ರಾಯರು ಹೇಳಿದರು. "ಮಗಳ ಜೊತೆ ನೀವು ಏನು ಬೇಕಾದರೂ ಕಳಿಸಿ, ಈ ಕಾರೊಂದನ್ನು ಮಾತ್ರ ಕಳಿಸಬೇಡಿ."