ಅರವತ್ತು ಇಂಚಿನ ಯಶಸ್ಸು

ವಡಾಲದ ಸುಖಕಾಯ ಆಸ್ಪತ್ರೆಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಯಾರಿಗೂ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ತೊಂದರೆ ಆಗತಕ್ಕದ್ದಲ್ಲ ಎಂದು ಅಲ್ಲಿನ ನಿಯಮಾವಳಿಯ ನಾಲ್ಕನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಹೀಗಿರುವಾಗ ಗ್ರಾಂಟ್ ರೋಡಿನ ಟೇಲರ್ ಹಾಶಿಮ, ಹೊಟ್ಟೆ ಕೊಯ್ಸಿಕೊಂಡ ಎರಡನೆಯ ತಿಂಗಳಿಗೆ ಕುಡಿದ ನೀರನ್ನೂ ವಾಂತಿ ಮಾಡತೊಡಗಿದ್ದು ಶಿಸ್ತಿನ ನಡವಳಿಕೆಯಾಗಿರಲಿಲ್ಲ.

ತಪ್ಪು ಅವನದೇ. ಮಾಡಿದ್ದುಣ್ಣೋ ಮಹರಾಯ ಎನ್ನೋಣವೆಂದರೆ ಪಾಪ, ಉಣ್ಣುವ ಸ್ಥಿತಿಯಲ್ಲೂ ಇರಲಿಲ್ಲ. ತಿಂಗಳಾದ ಮೇಲೆ ಹಳೆಯ ಪ್ಯಾಂಟ್ ತಂದು, ಅದರ ಒಂದೇ ಕಾಲಿನೊಳಗೆ ನಿಂತು, ನಗುತ್ತ ಫೋಟೊ ತೆಗೆಸಿಕೊಳ್ಳಬೇಕೆಂಬುದು ಅಲ್ಲಿನ ಪದ್ಧತಿ. ಹಾಶಿಮ ಅಷ್ಟರಲ್ಲೇ ಹಳೆಯ ಪ್ಯಾಂಟುಗಳನ್ನೆಲ್ಲ ಕತ್ತರಿಸಿ ದಿಂಬಿನ ಚೀಲ ಹೊಲಿದುಬಿಟ್ಟಿದ್ದ. ಟೇಲರ್ ಆದವನು ಬರಿಗೈಯಲ್ಲಿ ಹೋಗುವುದುಂಟೇ? ಹೊಸದೊಂದನ್ನು ಹೊಲಿದ. ಕೈ ಸ್ವಲ್ಪ ಧಾರಾಳವಾಗಿ ಸೊಂಟ ಅರವತ್ತು ಇಂಚಾಯಿತು. ಫೋಟೊ ನೋಡಿ ಬೆರಗಾದ ಆಸ್ಪತ್ರೆಯವರು ಅವನನ್ನು ವರ್ಷದ ಯಶಸ್ವಿ ರೋಗಿಯೆಂದು ಘೋಷಿಸಿ, ‘ಹಾಶಿಮ ಸಂಪೂರ್ಣ ಆರೋಗ್ಯವಂತರು’ ಎಂದು ಗೇಟಿನ ಮೇಲೆ ಎರಡು ಅಂತಸ್ತಿನ ಬ್ಯಾನರ್ ಕಟ್ಟಿದರು.

ಆ ಬ್ಯಾನರಿನ ಕೆಳಗೇ ಹೆಂಡತಿ ನಜ್ಮಾ ಅವನನ್ನು ಟ್ಯಾಕ್ಸಿಯಿಂದ ಇಳಿಸಿದಳು. ಇನ್ನೆರಡು ದಿನ ಹೀಗೇ ಹೋದರೆ ಜೀವ ಉಳಿಯುವುದಿಲ್ಲವೆಂದು ಅವರು ವಾಸವಿದ್ದ ಚಾಳಿನ ಡಾಕ್ಟರು ಹೇಳಿದ್ದರು.

ಯಶಸ್ಸು ವಿಭಾಗದ ಪ್ರಫುಲ್ಲಾ ಮೇಡಂ ಉಡುಪಿ ಕಡೆಯವರು, ಸಂಭಾವಿತರು. ಕುರ್ಚಿ ಕೊಟ್ಟು ಕೂರಿಸಿದರು.

“ನೀವು ವಾಂತಿ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಬ್ಯಾನರಿನಲ್ಲಿ ಇರುದು ನೀವೇ ಅಲ್ವಾ?”

“ಹೌದ್ರಿ, ನಾನ,” ಎಂದ ಹಾಶಿಮ.

“ಹಾಗಾದ್ರೆ ನೀವು ಆರೋಗ್ಯವಂತರು. ನೀವಲ್ಲ ಅಂತಾದ್ರೆ ನಿಮ್ಮ ಫೈಲೇ ಇಲ್ಲ.”

“ಮೇಡಂ, ಮೂರ ದಿನಾ ಆತು, ನೀರ ಸೈತ ಒಳಗ ನಿಲ್ಲವಲ್ದು,” ಎಂದಳು ನಜ್ಮಾ.

“ಅದಕ್ಕೆ ಅತಿಯಶಸ್ಸು ಅಂತ ಹೇಳುದು.”

ಹಾಶಿಮ ಪ್ಯಾಂಟಿನ ಸತ್ಯ ಹೇಳಿ, ಯಶಸ್ಸನ್ನು ಹಿಂದಿರುಗಿಸಲು ಸಿದ್ಧನಾದ. ಆದರೆ ಯಶಸ್ಸನ್ನು ಹಿಂದಿರುಗಿಸುವವರು ಮೊದಲಿನ ತೂಕಕ್ಕೆ ಮರಳಿ ಖುದ್ದು ಹಾಜರಾಗತಕ್ಕದ್ದು ಎನ್ನುತ್ತದೆ ಹತ್ತನೆಯ ಕಲಮು. ಅದನ್ನು ಓದಿ ಹೇಳುವಷ್ಟರಲ್ಲಿ ಅವನು ಮೇಜಿನ ಪಕ್ಕದ ಹೂಕುಂಡದಲ್ಲಿ ಇನ್ನೊಮ್ಮೆ ವಾಂತಿ ಮಾಡಿದ. ಮೇಡಂ ಮನಸ್ಸು ಕರಗಿತು.

“ನಮ್ಮಲ್ಲಿ ವಾಂತಿಗೆ ಅನುಮತಿ ಇರುದು ಹೆರಿಗೆ ವಿಭಾಗಕ್ಕೆ ಮಾತ್ರ. ಮಿಸೆಸ್ ಹೆಸರೇನು?”

ಹೀಗೆ ನಜ್ಮಾಳ ಹೆಸರಿನಲ್ಲಿ ಹಾಶಿಮ ದಾಖಲಾದ. ಅಲ್ಲಿಯ ನರ್ಸ್ ದಾನೇಶ್ವರಿ ಬಾಗಲಕೋಟೆಯವಳು. ಅವನ ಗಡ್ಡ ನೋಡಿದಳು, ಕಾಗದ ನೋಡಿದಳು, ಕಾಗದವನ್ನೇ ನಂಬಿದಳು. “ಚೊಚ್ಚಲದಾಗ ಹಿಂಗ ಆಗ್ತದ, ಅಂಜಬ್ಯಾಡ ಯವ್ವಾ,” ಎಂದು ಸಲೈನ್ ಏರಿಸಿದಳು. ದೊಡ್ಡ ಡಾಕ್ಟರು ಬಾಯಿಂದ ಕೊಳವೆ ಇಳಿಸಿ, ಹೊಲಿಗೆಯ ಹತ್ತಿರ ಬಿಗಿದುಕೊಂಡಿದ್ದ ಜಾಗವನ್ನು ಹಿಗ್ಗಿಸಿ, ಕಾಗದದಲ್ಲಿ ‘ಸುಲಭ ಹೆರಿಗೆ’ ಎಂದು ಬರೆದರು. ಮರುದಿನ ಮೂರು ಚಮಚ ಗಂಜಿ ಒಳಗೆ ನಿಂತಿತು. ನಜ್ಮಾ ಸಂತೋಷಕ್ಕೆ ಅತ್ತೇಬಿಟ್ಟಳು.

ಬಿಡುಗಡೆಯ ಚೀಟಿಯಲ್ಲಿ ‘ತಾಯಿ ಕ್ಷೇಮ’ ಎಂದಿತ್ತು. ‘ಮಗು’ ಎಂಬಲ್ಲಿ ಗುಮಾಸ್ತರು ‘ಮುಂದಿನ ಭೇಟಿಗೆ ತರುವುದು’ ಎಂದು ನಮೂದಿಸಿದ್ದರು. ನಲವತ್ತು ದಿನ ಹೊರಗೆ ತಿರುಗತಕ್ಕದ್ದಲ್ಲ, ಎರಡು ತಾಸಿಗೊಮ್ಮೆ ಮೆತ್ತಗಿನದನ್ನು ಚೂರುಚೂರೇ ಉಣ್ಣತಕ್ಕದ್ದು.

ಚಾಳಿನ ನೆರೆಮನೆಯ ಸೇವಂತಿ ಚೀಟಿ ಓದಿಸಿಕೊಂಡು, ಬಾಣಂತಿಗೆ ಮಾಡುವಂತೆ ಹಾಶಿಮನ ತಲೆಗೆ ಬಟ್ಟೆ ಬಿಗಿದು ಕಿವಿಗೆ ಹತ್ತಿ ಇಟ್ಟಳು. ನಜ್ಮಾ ಹೊಲಿಗೆ ಯಂತ್ರಕ್ಕೆ ಕೂತಳು. ಗಿರಾಕಿಗಳು ಕೂಸಿನ ತಲೆಗೆಂದು ಕುಲಾಯಿ ಉಡುಗೊರೆ ತಂದುಕೊಟ್ಟು, ಮಂಚದತ್ತ ಬಗ್ಗಿ, “ಹೆರಿಗಿ ಹೆಂಗಾತ್ರೀ?” ಎಂದು ವಿಚಾರಿಸಿದರು.

“ಸರಳ ಆತ್ರೀ, ಅಲ್ಲಾನ ದಯಾ,” ಎಂದು ಹಾಶಿಮ ಗಂಜಿಗೆ ಬಾಯಿ ತೆರೆದ.