ಕೇಳದೆ ತಂದ ಹಾಡು

ಮಗಳು ಹಾಡು ಕೇಳುವುದಕ್ಕೆ ತಿಂಗಳಾ ತಿಂಗಳಾ ದುಡ್ಡು ಕಟ್ಟುತ್ತಾಳೆಂಬ ಘೋರ ವಾರ್ತೆ ರಾವಸಾಹೇಬರ ಕಿವಿಗೆ ಬಿದ್ದದ್ದು ಬೆಳಗಿನ ಚಹಾದ ಹೊತ್ತಿಗೆ. ಚಹಾ ಬಸಿಯಲ್ಲೇ ಆರಿಹೋಯಿತು.

"ಹಾಡಿಗೆ ರೊಕ್ಕಾ? ನಾಳೆ ಉಸಿರಾಡೋ ಗಾಳಿಗೂ ಕಟ್ಟತೀಯೇನ?"

"ಅದೊಂದ ಆ್ಯಪ್ ಐತಿ ಅಪ್ಪಾ," ಎಂದಳು ಪ್ರಾಜಕ್ತಾ. "ರೊಕ್ಕ ಕಟ್ಟಿದ್ರ ಬೇಕಾದ ಹಾಡ ಕೇಳಬಹುದು. ಹಾಡಿದವರಿಗೂ ನಾಕ ಪೈಸಾ ಮುಟ್ಟತಾವು."

"ಹಾಡ ಕೇಳಾಕ ಯಾರನ್ನ ಕೇಳಬೇಕ ಬೇ? ಮೊಬೈಲನ್ಯಾಗ ಫುಕಟ ಸಿಗತಾವು, ಇಳಿಸಿಕೊಂಡ್ರಾತು. ಕಬ್ಬಿನ ಟ್ರ್ಯಾಕ್ಟರದವರು ಊರ ತುಂಬ ಹಚ್ಚಕೊಂಡ ಹೊಂಟಿರತಾರ, ಅವರೇನ ಯಾರಿಗರ ಕಟ್ಟ್ಯಾರೇನ?"

(ಹಾಡು ಕೇಳೋಕೆ ಯಾರನ್ನು ಕೇಳಬೇಕು ಎಂಬ ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ರಾವಸಾಹೇಬರು ಇಟ್ಟುಕೊಳ್ಳಲಿಲ್ಲ.)

ಹಾಗೆಂದು ಅವರನ್ನು ಯಾರೂ ಲಫಂಗರ ಸಾಲಿಗೆ ಸೇರಿಸಬಾರದು. ಕಾಗವಾಡದ ಕಡೆ ಅವರ ದ್ರಾಕ್ಷಿಗೆ ಎಷ್ಟು ಹೆಸರೋ ಅವರ ಮಾತಿಗೂ ಅಷ್ಟೇ ಹೆಸರು. ಬಸ್ಸಿನಲ್ಲಿ ಕಂಡಕ್ಟರ್ ಮರೆತರೆ ತಾವೇ ಕೂಗಿ ಕರೆದು ಟಿಕೆಟ್ ಹರಿಸಿಕೊಳ್ಳುವ ಮನುಷ್ಯ. ದಾರಿಹೋಕರು ಬೇಲಿಯೊಳಗೆ ಕೈ ತೂರಿಸಿ ದ್ರಾಕ್ಷಿ ಕಿತ್ತರಂತೂ ಮುಗಿದೇ ಹೋಯಿತು. ಪರದ್ರವ್ಯದ ಕುರಿತು ಅವರಿಗೊಂದು ಪ್ರವಚನ ಕೇಳಿಸಿ, ಕಿತ್ತ ಹಣ್ಣು ಗಂಟಲಲ್ಲಿ ಇಳಿಯದಂತೆ ಮಾಡಿಯೇ ಕಳಿಸುತ್ತಿದ್ದರು. ಆದರೆ ಮೊಬೈಲಿನೊಳಗೆ ಸಿಕ್ಕಿದ್ದೆಲ್ಲ ಅವರ ಪಾಲಿಗೆ ಪ್ರಸಾದ.

"ನಾ ಬಾಜೂ ಮನಿ ಕರಿಬೇವ ಹರಕೊಳ್ಳಬೇಕಾದ್ರೂ ಒಂದ ಮಾತ ಕೇಳತೀನ್ರಿ," ಎಂದು ಹೆಂಡತಿ ಸೋನಾಬಾಯಿ ಅಡುಗೆಮನೆಯಿಂದಲೇ ಮಗಳ ವಕಾಲತ್ತು ವಹಿಸಿದರು.

"ಕರಿಬೇವ ಹರಿದ್ರ ಗಿಡದಾಗ ಕಡಿಮಿ ಆಗತೈತಿ. ಹಾಡ ತಗೊಂಡ್ರ ಹಾಡಿದಾವನ ಗಂಟಲದಾಗ ಕಡಿಮಿ ಆಗತೈತೇನ?"

"ಒಂದ ದ್ರಾಕ್ಷಿ ತಿಂದ್ರ ನಿಮ್ಮ ತೋಟ ಬರಿದಾಗತೈತೇನ?"

"ದ್ರಾಕ್ಷಿ ಬ್ಯಾರೆ. ಅದಕ್ಕ ನಾ ನಿದ್ದಿಗೆಟ್ಟ ಔಷಧ ಹೊಡದೀನಿ."

"ಹಾಡಿದಾವ ಏನ ನಿದ್ದಿ ಮಾಡಕೋತ ಹಾಡ್ಯಾನೇನ್ರಿ?"

ನಿದ್ದೆಯ ಮಾತು ಬಂದೊಡನೆ ರಾವಸಾಹೇಬರು ಟವೆಲ್ ಕೊಡವಿ ಎದ್ದರು. ಆ ವಿಷಯ ಅವರಿಗೆ ಆಗಿಬರುತ್ತಿರಲಿಲ್ಲ. ಅವರ ಗೊರಕೆ ಮನೆತನದ ಪರಮ ಗುಟ್ಟಾಗಿತ್ತು (ಓಣಿಗೆಲ್ಲ ಗೊತ್ತಿತ್ತು, ಆದರೆ ಗುಟ್ಟೆಂದು ಅವರು ನಂಬಿದ್ದರು).

ಅಷ್ಟರಲ್ಲಿ ಪ್ರಾಜಕ್ತಾಳ ಸಾಕರಪುಡಾ ಹತ್ತಿರ ಬಂತು. ಮನೆಯಲ್ಲೇ ಸಕ್ಕರೆ ಹಂಚಿ ನಡೆಸುವ ನಿಶ್ಚಯದ ಶಾಸ್ತ್ರ. ಬೀಗರು ಏಕಸಂಬಿಯವರು, ಹುಡುಗ ಅಮೋಲ ಬಂಗಾರದಂಥವನು. ಹುಡುಗನ ಅಪ್ಪ ಅಣ್ಣಾಸಾಬರು ಮಾತ್ರ ನಗುವುದಕ್ಕೂ ಮುಹೂರ್ತ ನೋಡುವಂಥ ಆಸಾಮಿ. ಹೆಣ್ಣು ನೋಡಲು ಬಂದಾಗ ಅವರ ಗಾಂಭೀರ್ಯ ಕಂಡು ರಾವಸಾಹೇಬರೂ ಹುಬ್ಬು ಗಂಟಿಕ್ಕಿಕೊಂಡು ಕೂತು, ತೂಕದ ಮನುಷ್ಯನೆಂಬ ಕೀರ್ತಿ ಗಳಿಸಿದ್ದರು. ಆ ತೂಕ ಬೀಗರೆದುರು ಗುಂಜಿಯಷ್ಟೂ ಇಳಿಯಬಾರದೆಂಬುದೇ ಈಗ ಅವರ ಹಗಲಿರುಳಿನ ಚಿಂತೆ.

ಆವತ್ತಿನ ಹಾಡಿನ ಖಾತೆಯನ್ನು ಮಗಳಿಗೆ ಕೊಡದೆ ತಾವೇ ವಹಿಸಿಕೊಂಡರು. ಸಿಕ್ಕ ಸಿಕ್ಕಲ್ಲೆಲ್ಲ ಇಳಿಸಿ ಇಳಿಸಿ ಪೆನ್‌ಡ್ರೈವ್ ತುಂಬಿಸಿ, ಸುಗ್ಗಿಯ ರಾಶಿ ಮನೆಗೆ ತಂದವರ ಹಾಗೆ ಮೀಸೆ ತಿರುವಿದರು.

"ಕೇಳಿ ತಂದೀರೇನ್ರಿ?" ಎಂದರು ಸೋನಾಬಾಯಿ.

"ಮತ್ತ ಅದಽ ಹಾಡೇನ ನಿಂದು? ಯಾರನ್ನ ಕೇಳೋದು?"

"ಯಾರನ್ನ ಅಲ್ರಿ. ಹಾಡ ಕೇಳೀರೇನ ಅಂತ ಕೇಳಾಕತ್ತೀನಿ. ಬೀಗರ ಮುಂದ ಹಚ್ಚೋದು, ಒಳಗ ಏನೈತೋ ಏನೋ."

"ಎಲ್ಲಾ ಕೇಳಕೋತ ಕುಂತ್ರ ತೋಟಕ್ಕ ಹೋಗವ್ರ ಯಾರು? ಹೆಸರ ಓದೀನಿ, ಸಾಕು. ಮೊದಲನೇದರ ಹೆಸರ ಏನ ಗೊತ್ತೇನ? 'ದ್ರಾಕ್ಷಿ ತೋಟದ ಧಣಿ, ಡಿಜೆ ಮಿಕ್ಸ್.' ನನಗಽ ಹೇಳಿ ಮಾಡಿಸಿದಂಗ ಐತಿ."

ಅದು ಎಷ್ಟರ ಮಟ್ಟಿಗೆ ನಿಜ ಎಂಬುದು ಸಾಕರಪುಡಾದ ದಿನ ಗೊತ್ತಾಯಿತು. ಶಾಸ್ತ್ರ ಮುಗಿಯಿತು. ಸಕ್ಕರೆ ಹಂಚಿದರು. ಪಡಸಾಲೆಯಲ್ಲಿ ಬೀಗರು ಸಾಲಾಗಿ ಕೂತರು, ನಡುವೆ ಅಣ್ಣಾಸಾಬರು ನ್ಯಾಯಾಧೀಶರಂತೆ. ರಾವಸಾಹೇಬರು ಎದ್ದು ತಮ್ಮ ಅಮೃತಹಸ್ತದಿಂದಲೇ ಸ್ಪೀಕರಿನ ಗುಂಡಿ ಒತ್ತಿದರು. ಹಲಗೆ ಬಡಿದ ಸದ್ದಿಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲಾಡಿತು. "ಡಿಜೆ ನಿಖಿಲ, ಮಂಗಸೂಳಿ" ಎಂದು ಒಬ್ಬ ಗುಡುಗಿದ. ಹಿಂದೆಯೇ ಹೆಂಗಸರ ನಗು, "ಹೆಸರ ಹೇಳ, ಹೆಸರ ಹೇಳ" ಎಂಬ ಗಲಾಟೆ, ಆಮೇಲೆ ನಾಚಿಕೆಯಿಂದ ಎಳೆದೆಳೆದು ಹೇಳುವ ಒಂದು ಹೆಣ್ಣು ದನಿ:

"ಹಂದರದಾಗ ದ್ರಾಕ್ಷಿ ಗೊಂಚಲ, ನೋಡಾಕ ಭಾಳ ಚಂದ,
ರಾವಸಾಹೇಬರ ಗೊರಕಿ ಕೇಳಿ ಓಣಿ ನಾಯಿ ಬಾಯಿ ಬಂದ್."

ಅಡುಗೆಮನೆಯಲ್ಲಿ ಹೋಳಿಗೆ ಹಂಚಿನ ಮೇಲೆಯೇ ಸೀಯಿತು. ದನಿ ಸೋನಾಬಾಯಿಯದೇ. ಹೋದ ವರ್ಷ ಸತ್ತಿ ಎಂಬ ಊರಲ್ಲಿ ನಡೆದ ಮದುವೆಯಲ್ಲಿ ಹೆಂಗಸರೆಲ್ಲ ಅವರನ್ನು ಸುತ್ತುಗಟ್ಟಿ, ಗಂಡನ ಹೆಸರು ಸೇರಿಸಿ ಒಡಪು ಹೇಳದೆ ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲಿ ತಡೆದಿದ್ದರು. ಆ ಗದ್ದಲದಲ್ಲಿ ಯಾರೋ ಮೊಬೈಲ್ ಹಿಡಿದಿದ್ದರು. ಅದು ಕೈಯಿಂದ ಕೈಗೆ ಹೋಗಿ ಮಂಗಸೂಳಿ ಊರಿನ ಈ ನಿಖಿಲನೆಂಬ ಮಹಾನುಭಾವನಿಗೆ ಸಿಕ್ಕಿತ್ತು. ಅವನು ಒಡಪಿಗೆ ಹಲಗೆ ಜೋಡಿಸಿ, ಒಂದು ಶಬ್ದವನ್ನು ಮಾತ್ರ ಎತ್ತಿ ಹಿಡಿದು ಕುಣಿಸಿದ್ದ: "ಗೊರಕಿ, ಗೊರಕಿ, ಗೊ-ಗೊ-ಗೊರಕಿ."

ರಾವಸಾಹೇಬರು ಹಾರಿ ಹೋಗಿ ಕೈಗೆ ಸಿಕ್ಕ ಗುಂಡಿ ತಿರುವಿದರು. ಅದು ಸದ್ದು ಹೆಚ್ಚಿಸುವ ಗುಂಡಿ. ಕೊನೆಗೆ ಪ್ರಾಜಕ್ತಾಳೇ ಬಂದು ವಾಯರ್ ಕಿತ್ತಳು.

"ಯಾಕ ಬಂದ್ ಮಾಡಿದ್ರಿ?" ಎಂದರು ಅಣ್ಣಾಸಾಬರು. "ನಮ್ಮ ಟ್ರ್ಯಾಕ್ಟರನ್ಯಾಗ ಹುಡುಗೂರು ದಿನಾ ಇದನ್ನಽ ಹಚ್ಚತಾರ. ಈ ರಾವಸಾಹೇಬ ಯಾಂವ ಇದ್ದಾನು ಅಂತ ನಾವೂ…" ಎನ್ನುತ್ತಿದ್ದವರ ಮಾತು ನಿಂತಿತು. ಕಣ್ಣು ಕಿಟಕಿಯಾಚೆಯ ದ್ರಾಕ್ಷಿ ಹಂದರಕ್ಕೆ ಹೋಯಿತು, ಅಲ್ಲಿಂದ ಬೀಗರ ಮುಖಕ್ಕೆ ಬಂತು. ಆಮೇಲೆ ಅಣ್ಣಾಸಾಬರು ಯಾವ ಮುಹೂರ್ತವನ್ನೂ ನೋಡದೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ರಾವಸಾಹೇಬರು ಅಡುಗೆಮನೆಗೆ ಪಲಾಯನ ಮಾಡಿದರು. "ನನ್ನ ಹೆಸರ, ನನ್ನ ಹೇಂತಿ ದನಿ. ಒಂದ ಮಾತ ಕೇಳಲಾರದ ಹೆಂಗ ತಗೊಂಡಾ ಅಂವಾ? ಇದು ಶುದ್ಧ ಕಳ್ಳತನ."

"ಅವ್ವನ ಗಂಟಲದಾಗೇನ ಕಡಿಮಿ ಆಗೇತೇನ ಅಪ್ಪಾ?" ಎಂದಳು ಪ್ರಾಜಕ್ತಾ, ಮುಖ ಆಚೆ ತಿರುಗಿಸಿ.

ಸೋನಾಬಾಯಿ ಮಾತ್ರ ನಗಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡರು. "ಹೆಂಗಸರ ಹೆಂಗಸರಽ ನಕ್ಕೋತ ಅಂದ ಮಾತ್ರಿ ಅದು. ಈಗ ಹೊರಗ ಹೆಂಗ ಮಾರಿ ತೋರಸಲಿ?"

ರಾವಸಾಹೇಬರಿಗೆ ತಮ್ಮ ಅವಮಾನ ಅರೆಕ್ಷಣ ಮರೆತುಹೋಯಿತು. ಹೆಂಡತಿಯ ಕಣ್ಣೀರು ಕಂಡು, ಏನೋ ಕಡಿಮೆಯಾಗಿದೆ, ಅದು ಗಂಟಲಿನದಲ್ಲ ಎಂದು ಅವರಿಗೆ ಅನ್ನಿಸಿತು. "ಆ ಹುಡುಗನ್ನ ಕರಿಸಿ ಕೇಳತೀನ ಬಿಡ," ಎಂದರು ಮೆತ್ತಗೆ.

"ಏನಂತ ಕೇಳತೀರಿ? ನೀವೂ ಅವನ ಹಾಡ ಕೇಳಲಾರದಽ ತಂದೀರಿ."

ರಾವಸಾಹೇಬರು ಟವೆಲ್ ಕೊಡವಿ ಪಡಸಾಲೆಗೆ ಮರಳಿದರು. ಮರಳುವಾಗಲೇ ಒಂದು ಪ್ರತಿಜ್ಞೆ ಮಾಡಿಕೊಂಡರು: ಬೀಗರು ಹೊಸಿಲು ದಾಟಿ ಹೋಗುವ ತನಕ ರೆಪ್ಪೆ ಮುಚ್ಚಬಾರದು. ಊಟಕ್ಕೆ ಕೂತಾಗ ಪ್ರತಿಜ್ಞೆ ಗಟ್ಟಿಯಾಗಿತ್ತು. ಪಕ್ಕದಲ್ಲೇ ಕೂತ ಅಣ್ಣಾಸಾಬರು ಒತ್ತಾಯ ಮಾಡಿ ಮಾಡಿ ಅವರ ಎಲೆಗೆ ಹೋಳಿಗೆ ಹಾಕಿಸಿದರು. ಮೇಲೆ ತುಪ್ಪ ಬಿತ್ತು. ರಾವಸಾಹೇಬರು ಕೈ ತೊಳೆದು, ಸುಮ್ಮನೆ ಬೆನ್ನಿಗೆ ಆಸರೆ ಇರಲಿ ಎಂದು ಪಡಸಾಲೆಯ ಕಂಬಕ್ಕೆ ಒರಗಿದರು.

ಕಣ್ಣು ಬಿಟ್ಟಾಗ ಬೀಗರೆಲ್ಲ ಸುತ್ತ ಕೂತಿದ್ದರು. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲವೂ ಅವರ ಮೂಗಿನ ಕಡೆಗೆ. ಬಾಗಿಲಲ್ಲಿ ಓಣಿಯ ನಾಯಿ ಬಾಯಿ ಮುಚ್ಚಿಕೊಂಡು ಕೂತಿತ್ತು.

"ಏನ್ರಿ ಇದು? ನನ್ನ ಒಂದ ಮಾತ ಕೇಳಲಾರದ…"

"ಕೇಳಲಾರದ ತಗೊಳ್ಳೋ ಮಂದಿ ನಾವಲ್ರಿ ಬೀಗರ," ಎಂದರು ಅಣ್ಣಾಸಾಬರು ಮತ್ತೆ ಮೊದಲಿನಷ್ಟೇ ಗಂಭೀರವಾಗಿ. "ಮೊದಲ ಬೀಗಿತ್ತಿಯವರನ್ನ ಕೇಳೀವಿ. ಹೂಂ ಅಂದ ಮ್ಯಾಲನಽ ಹಚ್ಚೀವಿ."

ರಾವಸಾಹೇಬರು ಅಡುಗೆಮನೆಯ ಕಡೆ ತಿರುಗಿದರು. ಸೋನಾಬಾಯಿ ಬಾಗಿಲಿಗೆ ಬಂದು ನಿಂತಿದ್ದರು. ಕಣ್ಣು ಒಣಗಿತ್ತು, ಮುಖದಲ್ಲಿ ನಗು ಮೂಡಿತ್ತು.

"ಗೊರಕಿ ನಂದು. ಅದನ್ನ ಕೊಡಾಕ ನೀ ಯಾರು?"

"ಹೊಡದವ್ರು ನೀವಽ, ಖರೆ," ಎಂದರು ಸೋನಾಬಾಯಿ. "ಆದ್ರ ಇಷ್ಟ ವರ್ಷ ಕೇಳಿದಾಕಿ ನಾನಽ ಅಲ್ಲೇನ್ರಿ?"